ಎಂಟುನೂರು ಡಾಲರಿಗೆ ಒಂದು ಗಂಟೆ: ಬ್ವಿಂಡಿಯ ಗೊರಿಲ್ಲಾ ಭೇಟಿಯ ವಿಮರ್ಶೆ

ಉಗಾಂಡಾದ ನೈರುತ್ಯ ಮೂಲೆಯಲ್ಲಿರುವ ಬ್ವಿಂಡಿ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟದ ಗೊರಿಲ್ಲಾಗಳನ್ನು ನೋಡಲು ಹೊರದೇಶದವರು ಈಗ ತೆರಬೇಕಾದ ಪರವಾನಗಿ ಶುಲ್ಕ ತಲಾ 800 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 70,000 ರೂಪಾಯಿ. ಈ ಹಣಕ್ಕೆ ಸಿಗುವುದು ಒಂದು ಗಂಟೆ. ಗೊರಿಲ್ಲಾಗಳ ಎದುರು ನಿಂತ ಕ್ಷಣದಲ್ಲಿ ಗೈಡ್ ಗಡಿಯಾರ ನೋಡಿಕೊಳ್ಳುತ್ತಾನೆ. ಅರವತ್ತು ನಿಮಿಷ ಮುಗಿದೊಡನೆ, ಆಗ ಮರಿ ತಾಯಿಯ ಬೆನ್ನೇರುತ್ತಿರಲಿ, ಗಂಡು ಎದೆ ಬಡಿಯುತ್ತಿರಲಿ, ಇನ್ನು ಹೊರಡೋಣ ಎನ್ನುತ್ತಾನೆ. ಅಲ್ಲಿಗೆ ತಲುಪಲು ಜೀಪಿಲ್ಲ, ಕುಳಿತು ನೋಡಲು ಅಟ್ಟಣೆಯಿಲ್ಲ, ಎಷ್ಟು ಹೊತ್ತು ನಡೆಯಬೇಕಾದೀತು ಎಂಬುದನ್ನು ಹಿಂದಿನ ರಾತ್ರಿ ಯಾರೂ ಹೇಳಲಾರರು. ಉಗಾಂಡಾದ ರಾಜಧಾನಿ ಕಂಪಾಲಾದಲ್ಲಿ ಕೆಲಸದಲ್ಲಿರುವ ತಮ್ಮನ ಮನೆಗೆ ಹೋಗಿದ್ದ ನಾವಿಬ್ಬರು ಕಳೆದ ಜುಲೈ ತಿಂಗಳಲ್ಲಿ ಈ ಸೇವೆಯನ್ನು ಕೊಂಡೆವು. ಗಿರಾಕಿಗೆ ಏನನ್ನು ಮಾಡಗೊಡುವುದಿಲ್ಲವೋ ಅದರಲ್ಲೇ ಇದರ ಬೆಲೆಯೆಲ್ಲ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ, ಆ ನಿರಾಕರಣೆ ಸಡಿಲವಾಗುವ ಕಡೆಯಲ್ಲೆಲ್ಲ ನನ್ನ ತಕರಾರೂ ಇದೆ.

ಪರವಾನಗಿ ಕೊಡುವುದು ಉಗಾಂಡಾದ ವನ್ಯಜೀವಿ ಪ್ರಾಧಿಕಾರ. ಮನುಷ್ಯರಿಗೆ ಒಗ್ಗಿಸಲಾದ ಒಂದೊಂದು ಗೊರಿಲ್ಲಾ ಕುಟುಂಬವನ್ನು ದಿನಕ್ಕೆ ಒಂದೇ ತಂಡ, ಅದರಲ್ಲೂ ಎಂಟೇ ಜನ ನೋಡಬಹುದು. ಹೀಗಾಗಿ ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ತಿಂಗಳುಗಳ ಪರವಾನಗಿಗಳು ಬಹಳ ಮೊದಲೇ ಖರ್ಚಾಗಿಬಿಡುತ್ತವೆ. ಇಲ್ಲಿ ಮೊದಲ ಬಾರಿಗೆ ಹೋಗುವವರು ಗಮನಿಸಬೇಕಾದ ಅಂಶವೊಂದಿದೆ. ಬುಹೋಮಾ, ರುಹಿಜಾ, ರುಶಾಗಾ, ನ್ಕುರಿಂಗೊ ಎಂದು ಬ್ವಿಂಡಿಯಲ್ಲಿ ನಾಲ್ಕು ವಲಯಗಳಿವೆ. ನಕ್ಷೆಯಲ್ಲಿ ಅವು ಪಕ್ಕಪಕ್ಕದಲ್ಲಿರುವಂತೆ ಕಂಡರೂ ಬೆಟ್ಟ ಸುತ್ತಿಕೊಂಡು ಹೋಗುವ ಮಣ್ಣು ರಸ್ತೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ಹಲವು ಗಂಟೆ ಹಿಡಿಯುತ್ತದೆ. ನಮಗೆ ಟಿಕೆಟು ಮಾಡಿಕೊಟ್ಟ ಏಜೆಂಟ್ ಮಹಾಶಯರು ಪರವಾನಗಿಯನ್ನು ದಕ್ಷಿಣದ ರುಶಾಗಾದಲ್ಲಿಯೂ ವಸತಿಯನ್ನು ಉತ್ತರದ ಬುಹೋಮಾದಲ್ಲಿಯೂ ಗೊತ್ತುಮಾಡಿದ್ದರು. ಹೊರಡುವ ಎರಡು ದಿನ ಮೊದಲು ನನ್ನ ತಮ್ಮ ಆ ಕಾಗದಪತ್ರಗಳನ್ನು ನೋಡದೇ ಇದ್ದಿದ್ದರೆ, ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕಾದ ಜಾಗಕ್ಕೆ ನಾವು ಮಧ್ಯಾಹ್ನ ತಲುಪುತ್ತಿದ್ದೆವು. ವಸತಿ ಬದಲಿಸಿಕೊಳ್ಳಲು ಆದ ಹೆಚ್ಚುವರಿ ಖರ್ಚು ನಮ್ಮದೇ. ಅದೇ ಮಹಾಶಯರು ‘ಅದೃಷ್ಟವಿದ್ದರೆ ಮರಿಯನ್ನು ಮುಟ್ಟಲೂಬಹುದು’ ಎಂದೂ ಹೇಳಿದ್ದರು. ಇಂಥ ಮಾತು ಕೇಳಿದ ಕೂಡಲೇ ಬೇರೆ ಏಜೆಂಟರನ್ನು ಹುಡುಕಿಕೊಳ್ಳುವುದು ಒಳ್ಳೆಯದು.

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವಿಲ್ಲದೆ ಈ ಪ್ರವಾಸವನ್ನು ಯೋಚಿಸುವಂತಿಲ್ಲ. ಉಗಾಂಡಾ ಅದನ್ನು ಕೇಳುತ್ತದೆ. ಮರಳಿ ಬರುವಾಗ ನಮ್ಮ ವಿಮಾನ ನಿಲ್ದಾಣದವರು ಅದಕ್ಕಿಂತ ಬಿಗಿಯಾಗಿ ಕೇಳುತ್ತಾರೆ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಲಸಿಕೆ ಹಾಕಿಸಿಕೊಂಡಿರಬೇಕು. ಕಂಪಾಲಾದಿಂದ ಬ್ವಿಂಡಿಗೆ ರಸ್ತೆಯಲ್ಲಿ ಇಡೀ ಹಗಲು ಬೇಕು. ದಾರಿಯಲ್ಲಿ ಭೂಮಧ್ಯರೇಖೆ ಸಿಗುತ್ತದೆ, ಎರಡೂ ಬದಿಗೆ ಬಾಳೆಯ ತೋಟಗಳು ಮುಗಿಯುವುದೇ ಇಲ್ಲ. ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ: ಬೇಯಿಸಿ ಮುದ್ದೆಮಾಡಿದ ಬಾಳೆಕಾಯಿಯ ಮಟೋಕೆ, ಕಡಲೆಬೀಜದ ಗೊಜ್ಜು, ಅವರೆಯ ಜಾತಿಯ ಕಾಳಿನ ಸಾರು ಎಲ್ಲ ಕಡೆಯೂ ಸಿಗುತ್ತವೆ. ಭಾರತೀಯರು ಒಯ್ದ ಚಪಾತಿ ಅಲ್ಲಿ ಅದೇ ಹೆಸರಿನಲ್ಲಿ ಬೀದಿಬದಿಯ ತಿಂಡಿಯಾಗಿ ಉಳಿದುಕೊಂಡಿದೆ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರನ್ನು ದೇಶದಿಂದ ಹೊರಗಟ್ಟಿದರೂ ಚಪಾತಿಯನ್ನು ಹೊರಗಟ್ಟಲಾಗಲಿಲ್ಲ. ರುಶಾಗಾದ ವಸತಿಗೃಹ ಸಾಧಾರಣವಾಗಿತ್ತು. ರಾತ್ರಿ ಹಾಸಿಗೆಯೊಳಗೆ ಬಿಸಿನೀರಿನ ಚೀಲವಿಡುತ್ತಾರೆ, ಅದು ಬೇಕೇ ಬೇಕು.

ನೋಡಲು ಹೊರಟಿರುವ ಪ್ರಾಣಿ ಯಾವುದೆಂಬುದನ್ನು ಹೊರಡುವ ಮೊದಲೇ ತಿಳಿದುಕೊಂಡರೆ ಆ ಒಂದು ಗಂಟೆ ಇನ್ನೂ ಫಲ ಕೊಡುತ್ತದೆ. ಗೊರಿಲ್ಲಾಗಳಲ್ಲಿ ಪಶ್ಚಿಮದ್ದು, ಪೂರ್ವದ್ದು ಎಂದು ಎರಡು ಪ್ರಭೇದಗಳಿದ್ದು, ಒಂದೊಂದರಲ್ಲಿಯೂ ಎರಡೆರಡು ಉಪಪ್ರಭೇದಗಳಿವೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಬಹುಕಾಲ ಒಂಟಿಯಾಗಿದ್ದು 2014ರಲ್ಲಿ ತೀರಿಕೊಂಡ ಪೋಲೋ, 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ ಮತ್ತು ಡೆಂಬಾ ಎಲ್ಲವೂ ಪಶ್ಚಿಮದ ತಗ್ಗುನಾಡಿನ ಗೊರಿಲ್ಲಾಗಳು. ಬೆಟ್ಟದ ಗೊರಿಲ್ಲಾ ಪೂರ್ವ ಪ್ರಭೇದಕ್ಕೆ ಸೇರಿದ್ದು. ಅದನ್ನು ಜಗತ್ತಿನ ಯಾವ ಮೃಗಾಲಯದಲ್ಲಿಯೂ ನೋಡಲಾಗುವುದಿಲ್ಲ. ಅದು ಇರುವುದು ಎರಡೇ ಕಡೆ. ಒಂದು, ಉಗಾಂಡಾ, ರುವಾಂಡಾ, ಕಾಂಗೋ ಮೂರೂ ದೇಶಗಳು ಕೂಡುವಲ್ಲಿನ ವಿರುಂಗಾ ಜ್ವಾಲಾಮುಖಿ ಬೆಟ್ಟಗಳು. ಇನ್ನೊಂದು ಬ್ವಿಂಡಿ ಮತ್ತು ಅದಕ್ಕೆ ಅಂಟಿಕೊಂಡ ಕಾಂಗೋದ ಸರಾಂಬ್ವೆ ಕಾಡು. ವಿರುಂಗಾದಲ್ಲಿ 2015–16ರಲ್ಲಿ ನಡೆದ ಗಣತಿಯಲ್ಲಿ 604, ಬ್ವಿಂಡಿ ಕಡೆಯ 2018ರ ಗಣತಿಯಲ್ಲಿ 459 ಗೊರಿಲ್ಲಾಗಳು ಸಿಕ್ಕವು. ಎರಡೂ ಸೇರಿದರೆ 1,063. ನಮ್ಮ ಯಾವುದೇ ಊರಿನ ಒಂದು ಮದುವೆಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಆದರೂ ಈ ಲೆಕ್ಕ ಏರುಮುಖದ್ದು, ಏಕೆಂದರೆ 1980ರ ದಶಕದ ಆರಂಭದಲ್ಲಿ ವಿರುಂಗಾದಲ್ಲಿ ಉಳಿದಿದ್ದವು ಬರೀ 250ರಷ್ಟು.

ಸಂಖ್ಯೆಯ ಮಾತು ಬಂದಾಗ ನನ್ನನ್ನು ಗೊಂದಲಕ್ಕೆ ಹಾಕಿದ ಸಂಗತಿಯೊಂದಿತ್ತು. ಪಶ್ಚಿಮದ ತಗ್ಗುನಾಡಿನ ಗೊರಿಲ್ಲಾಗಳು 2013ರ ಅಂದಾಜಿನಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚಿದ್ದವು. ಹಾಗಿದ್ದೂ ಅವನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ‘ತೀವ್ರವಾಗಿ ಅಪಾಯಕ್ಕೀಡಾದ’ ಪ್ರಾಣಿಗಳ ಪಟ್ಟಿಯಲ್ಲಿ ಇಡಲಾಗಿದೆ. ಸಾವಿರದಷ್ಟೇ ಇರುವ ಬೆಟ್ಟದ ಗೊರಿಲ್ಲಾಗಳನ್ನಾದರೆ 2018ರ ನವೆಂಬರಿನಲ್ಲಿ ಆ ಪಟ್ಟಿಯಿಂದ ಒಂದು ಮೆಟ್ಟಿಲು ಇಳಿಸಿ ‘ಅಪಾಯಕ್ಕೀಡಾದ’ ಎಂದು ಬದಲಿಸಲಾಯಿತು. ಗೊರಿಲ್ಲಾಗಳು ಇವತ್ತು ಎಷ್ಟಿವೆ ಎಂಬುದರ ಜೊತೆಗೆ ಯಾವ ವೇಗದಲ್ಲಿ ಕಡಿಮೆಯಾಗುತ್ತಿವೆ ಎಂಬುದನ್ನೂ ಆ ಪಟ್ಟಿ ಅಳೆಯುತ್ತದೆ. ಪಶ್ಚಿಮದವು ವರ್ಷಕ್ಕೆ ನೂರಕ್ಕೆ 2.7ರಂತೆ ಕರಗುತ್ತಿವೆ ಎಂದು ಆ ಅಂದಾಜು ಮಾಡಿದ ಅಧ್ಯಯನವೇ ಕಂಡುಕೊಂಡಿತ್ತು. ಮರ ಸಾಗಿಸಲು ಮಾಡಿದ ರಸ್ತೆಗಳಲ್ಲಿ ಬೇಟೆಗಾರರು ನಡುಗಾಡಿಗೆ ನುಗ್ಗುತ್ತಾರೆ, ಕಾಡುಮಾಂಸ ಪೇಟೆಗೆ ಹೋಗುತ್ತದೆ. ಇದರ ಮೇಲೆ ಎಬೋಲಾ ಬೇರೆ. 2002–03ರಲ್ಲಿ, ವಿರುಂಗಾ ಇರುವ ಕಾಂಗೋದ ಪಕ್ಕದ ಬೇರೆಯೇ ದೇಶವಾದ ಕಾಂಗೋ ಗಣರಾಜ್ಯದ ಲೋಸಿ ಕಾಡಿನ ಸುತ್ತ ಆ ರೋಗಕ್ಕೆ ಸುಮಾರು 5,000 ಗೊರಿಲ್ಲಾಗಳು ಬಲಿಯಾದವೆಂದು ಅಂದಾಜಿದೆ. ನೈಜೀರಿಯಾ–ಕ್ಯಾಮರೂನ್ ಗಡಿಯ ಕ್ರಾಸ್ ನದಿಯ ಗೊರಿಲ್ಲಾಗಳು 300ರಷ್ಟು ಮಾತ್ರ ಉಳಿದಿವೆ. ಪೂರ್ವ ಕಾಂಗೋದ ಗ್ರಾವರ್ ಗೊರಿಲ್ಲಾಗಳ ಕಥೆಯಲ್ಲಿ ಯುದ್ಧವೂ ನಮ್ಮ ಜೇಬಿನ ಮೊಬೈಲೂ ಒಟ್ಟಿಗೆ ಬರುತ್ತವೆ: ಮೊಬೈಲಿನ ಬಿಡಿಭಾಗಗಳಿಗೆ ಬೇಕಾದ ಕೋಲ್ಟಾನ್ ಅದಿರಿಗಾಗಿ ಕಾಡೊಳಗೆ ಎದ್ದ ಗಣಿ ಶಿಬಿರಗಳ ಜನರಿಗೆ ಕೈಗೆ ಸಿಕ್ಕ ಪ್ರಾಣಿಯೇ ಊಟ, ಆ ಶಿಬಿರಗಳಿಗೆ ಬಂದೂಕಿನ ಗುಂಪುಗಳದ್ದೇ ಕಾವಲು. ಬ್ವಿಂಡಿಯಲ್ಲಿ ಈ ತರಹದ ಗಣಿಯೂ ಇಲ್ಲ, ಎಬೋಲಾ ಗೊರಿಲ್ಲಾಗಳವರೆಗೆ ಬಂದಿಲ್ಲ. ಇಲ್ಲಿನ ಅಪಾಯಗಳು ಬೇರೆ. ಅವುಗಳಲ್ಲಿ ಒಂದು ಅಪಾಯ, ಬೆಳಿಗ್ಗೆ ಎಂಟು ಗಂಟೆಗೆ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದ ನಾವೇ.

ಊರಿನ ಹೆಂಗಸರ ಹಾಡು–ಕುಣಿತ ಮುಗಿದ ಮೇಲೆ ಗೈಡ್ ನಿಯಮಗಳನ್ನು ವಿವರಿಸಿದರು. ಹದಿನೈದು ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಕೆಮ್ಮು, ನೆಗಡಿ, ಜ್ವರ, ಭೇದಿ ಇದ್ದವರು ಈಗಲೇ ಹೇಳಬೇಕು. ಗೊರಿಲ್ಲಾಗಳ ಹತ್ತಿರ ಹೋಗುವ ಮೊದಲು ಮುಖಗವಸು ಕಟ್ಟಿಕೊಳ್ಳಬೇಕು, ಮೊದಲು ಏಳು ಮೀಟರ್ ಇದ್ದ ಅಂತರವನ್ನು ಕೋವಿಡ್ ನಂತರ ಹತ್ತು ಮೀಟರಿಗೆ ಏರಿಸಿದ್ದಾರೆ. ಕಾಡಿನಲ್ಲಿ ಉಗುಳುವಂತಿಲ್ಲ; ಮಲವಿಸರ್ಜನೆ ಅನಿವಾರ್ಯವಾದರೆ ರೇಂಜರ್ ಕತ್ತಿಯಿಂದ ಗುಂಡಿ ತೋಡಿಕೊಡುತ್ತಾರೆ, ಅದನ್ನು ಮುಚ್ಚಿ ಬರಬೇಕು. ಕ್ಯಾಮರಾದ ಫ್ಲ್ಯಾಶ್ ಉರಿಯಕೂಡದು. ಗಂಡು ಮೇಲೇರಿ ಬಂದರೆ ಓಡದೆ, ತಲೆ ತಗ್ಗಿಸಿ ಕುಕ್ಕರಿಸಬೇಕು.

ನಾವು ಶಿವಮೊಗ್ಗ ಜಿಲ್ಲೆಯವರು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆಯ ಭಯದಲ್ಲೇ ಬೆಳೆದವರು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಆ ಕಡೆ ಹೋಗಬೇಡಿ, ಉಣುಗು ಹತ್ತೀತು ಎಂದು ಹಿರಿಯರು ಗದರುತ್ತಿದ್ದದ್ದು ಇವತ್ತಿಗೂ ಕಿವಿಯಲ್ಲಿದೆ. ರುಶಾಗಾದಲ್ಲಿ ಆ ಗದರಿಕೆ ಪೂರ್ತಿ ತಿರುವುಮುರುವಾಗಿತ್ತು. ಇಲ್ಲಿ ಕಾಯಿಲೆಯ ಮಂಗ ನಾವು. ಗೊರಿಲ್ಲಾದ ಅನುವಂಶಿಕ ಧಾತು (ಡಿಎನ್‌ಎ) ಮನುಷ್ಯನದರೊಡನೆ ನೂರಕ್ಕೆ 98ರಷ್ಟು ಹೊಂದುವುದರಿಂದ ನಮ್ಮ ನೆಗಡಿ ಅದಕ್ಕೂ ಹತ್ತುತ್ತದೆ, ಆದರೆ ನಮ್ಮ ದೇಹಕ್ಕೆ ಅದನ್ನು ತಡೆದುಕೊಂಡು ಬಂದ ಅಭ್ಯಾಸವಿದ್ದಂತೆ ಅದರ ದೇಹಕ್ಕೆ ಇಲ್ಲ. 2009ರಲ್ಲಿ ರುವಾಂಡಾದ ಹಿರ್ವಾ ಎಂಬ ಕುಟುಂಬಕ್ಕೆ ಶ್ವಾಸಕೋಶದ ಸೋಂಕು ಹರಡಿ ಒಂದು ಹೆಣ್ಣೂ ಒಂದು ಮರಿಯೂ ಸತ್ತವು. ಅವುಗಳ ದೇಹದಲ್ಲಿ ಸಿಕ್ಕಿದ್ದು ಮನುಷ್ಯರಲ್ಲಿ ಸಾಮಾನ್ಯವಾದ ವೈರಾಣು. ಬ್ವಿಂಡಿಯದೇ ಉದಾಹರಣೆ ಇನ್ನೂ ಹಳೆಯದು. 1996ರಲ್ಲಿ ಇಲ್ಲಿನ ಒಂದು ಕುಟುಂಬದ ಗೊರಿಲ್ಲಾಗಳ ಕೂದಲು ಉದುರಿ ಮೈ ಹುಣ್ಣಾಗತೊಡಗಿತು. ಪರೀಕ್ಷಿಸಿದ ಪಶುವೈದ್ಯೆ ಗ್ಲಾಡಿಸ್ ಕಲೇಮಾ-ಜಿಕುಸೋಕಾ ಅದು ಕಜ್ಜಿ ಎಂದು ಗುರುತಿಸಿದರು. ಒಂದು ಮರಿ ಉಳಿಯಲಿಲ್ಲ, ಉಳಿದವು ಔಷಧಕ್ಕೆ ಗುಣವಾದವು. ಗೊರಿಲ್ಲಾಗಳಿಗೆ ಕಜ್ಜಿ ಎಲ್ಲಿಂದ ಬಂತು? ಹೆಚ್ಚಾಗಿ ಹೊಲದ ಬೆರ್ಚಪ್ಪಗಳಿಗೆ ತೊಡಿಸಿದ ಹಳೆಯ ಬಟ್ಟೆಗಳಿಂದ. ಬಡತನದ ಮನೆಯಲ್ಲಿ ತೊಳೆಯಲು ನೀರಿಲ್ಲದ ಬಟ್ಟೆ ಬೆರ್ಚಪ್ಪನ ಮೈಗೇರಿ, ಅಲ್ಲಿಂದ ಕುತೂಹಲದ ಗೊರಿಲ್ಲಾದ ಕೈಗೆ ಬಂದಿತ್ತು. ಊರಿನವರ ಆರೋಗ್ಯ ನೋಡದೆ ಗೊರಿಲ್ಲಾಗಳ ಆರೋಗ್ಯ ಕಾಯಲಾಗದು ಎಂಬ ತಿಳಿವಳಿಕೆಯಿಂದ ಅದೇ ವೈದ್ಯೆ 2003ರಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. ಅದರ ಕಾರ್ಯಕರ್ತರು ಇಂದಿಗೂ ಈ ಹಳ್ಳಿಗಳಲ್ಲಿ ಮನೆಮನೆ ಸುತ್ತುತ್ತಾರೆ.

ನಡಿಗೆಗೆ ಹೊರೆಯಾಳನ್ನು ಹಿಡಿಯಿರಿ ಎಂಬುದು ನನ್ನ ಮೊದಲ ಶಿಫಾರಸು. ಶುಲ್ಕದಲ್ಲಿ ಅದು ಸೇರಿರುವುದಿಲ್ಲ, ಬೇರೆಯಾಗಿ ಕೊಡಬೇಕು. ಭಕ್ಷೀಸು ಬಿಟ್ಟರೆ ಇಡೀ ಪ್ರವಾಸದಲ್ಲಿ ಕೈಯಿಂದ ಕೈಗೆ ನೇರವಾಗಿ ಹೋಗುವ ಹಣ ಅದೊಂದೇ. ನಮ್ಮ ಚೀಲ ಹೊತ್ತದ್ದು ನಲವತ್ತು ದಾಟಿದ ಹೆಣ್ಣುಮಗಳು. ನಾನು ಎರಡು ಕೈಯಲ್ಲೂ ಬಳ್ಳಿ ಹಿಡಿದು ಜಾರುತ್ತಿದ್ದ ಇಳಿಜಾರಿನಲ್ಲಿ ಆಕೆ ನನ್ನ ಚೀಲವನ್ನೂ ನನ್ನನ್ನೂ ಒಟ್ಟಿಗೆ ದಾಟಿಸಿದರು. ಬ್ವಿಂಡಿಯ ಹೆಸರಿನ ಜೊತೆ ‘ಒಳಹೊಗಲಾಗದ ಕಾಡು’ ಎಂಬ ವಿಶೇಷಣ ಅಧಿಕೃತವಾಗಿಯೇ ಇದೆ. 1,160 ಮೀಟರಿನಿಂದ 2,607 ಮೀಟರ್ ಎತ್ತರದವರೆಗೆ ಹಬ್ಬಿದ ಈ ಕಾಡಿನಲ್ಲಿ ಸಮತಟ್ಟಾದ ನೆಲ ಕಂಡಿದ್ದು ನೆನಪಿಲ್ಲ. ನಮ್ಮ ಕಡೆಯ ಉಂಬಳಗಳ ಕಾಟ ಇರಲಿಲ್ಲ, ಆದರೆ ಬಟ್ಟೆಯ ಮೇಲಿಂದಲೂ ಉರಿ ಹತ್ತಿಸುವ ತುರಿಕೆ ಗಿಡಗಳು, ಕಾಲ್ಚೀಲದೊಳಗೆ ನುಗ್ಗುವ ಇರುವೆ ಸಾಲುಗಳು ಸಾಕಷ್ಟಿದ್ದವು. ತೋಟದ ಕೆಲಸದ ದಪ್ಪ ಕೈಗವಸು, ಪ್ಯಾಂಟನ್ನು ಒಳಗೆ ಸೇರಿಸುವ ಉದ್ದನೆಯ ಕಾಲ್ಚೀಲ, ಒಂದು ಊರುಗೋಲು ಇದ್ದರೆ ಸಾಕು. ನಡೆಯಲು ಪೂರ್ತಿ ಆಗದವರನ್ನು ನಾಲ್ಕು ಜನ ಹೊತ್ತೊಯ್ಯುವ ಕುರ್ಚಿಯೂ ಇದೆ, ಅದನ್ನು ಅಲ್ಲಿನವರು ತಮಾಷೆಗೆ ‘ಹೆಲಿಕಾಪ್ಟರ್’ ಎನ್ನುತ್ತಾರೆ.

ಈ ಸೇವೆಯಲ್ಲಿ ಅತ್ಯಂತ ನುರಿತವರು ಪ್ರವಾಸಿಗರ ಕಣ್ಣಿಗೆ ಕೊನೆಯಲ್ಲಷ್ಟೇ ಬೀಳುವ ಜಾಡುಗಾರರು. ಗೊರಿಲ್ಲಾಗಳು ಪ್ರತಿ ಸಂಜೆ ಎಲೆ–ಕೊಂಬೆಗಳನ್ನು ಬಾಗಿಸಿ ಹೊಸ ಹಾಸಿಗೆ ಮಾಡಿಕೊಂಡು ಮಲಗುತ್ತವೆ, ಒಮ್ಮೆ ಮಲಗಿದ ಕಡೆ ಸಾಮಾನ್ಯವಾಗಿ ಮತ್ತೆ ಮಲಗುವುದಿಲ್ಲ. ಜಾಡುಗಾರರು ನಸುಕಿನಲ್ಲಿ ಹಿಂದಿನ ದಿನ ಬಿಟ್ಟುಬಂದ ಜಾಗಕ್ಕೆ ಹೋಗಿ, ರಾತ್ರಿಯ ಹಾಸಿಗೆಗಳನ್ನು ಹುಡುಕಿ, ಅಲ್ಲಿಂದ ಮುರಿದ ಕಾಂಡ, ತಿಂದು ಬಿಸುಟ ಸಿಪ್ಪೆ, ಹಸಿ ಲದ್ದಿಯ ಜಾಡು ಹಿಡಿದು ಮುಂದೆ ಹೋಗುತ್ತಾರೆ. ಗಣತಿಯೂ ನಡೆಯುವುದು ಈ ಹಾಸಿಗೆಗಳಿಂದಲೇ. ಅಲ್ಲಿ ಬಿದ್ದ ಲದ್ದಿಯನ್ನು ಆರಿಸಿ ಪ್ರಯೋಗಾಲಯಕ್ಕೆ ಕಳಿಸಿ ಒಂದೊಂದು ಗೊರಿಲ್ಲಾವನ್ನೂ ಬೇರೆಬೇರೆಯಾಗಿ ಗುರುತಿಸುತ್ತಾರೆ. ಎರಡೂಕಾಲು ಗಂಟೆ ನಡೆದ ಮೇಲೆ ನಮಗೆ ಜಾಡುಗಾರರು ಸಿಕ್ಕರು. ಚೀಲ, ಊರುಗೋಲು, ಹೊರೆಯಾಳುಗಳನ್ನೆಲ್ಲ ಅಲ್ಲೇ ಬಿಟ್ಟು, ಮುಖಗವಸು ಕಟ್ಟಿ ಮುಂದೆ ಸಾಗಿದೆವು.

ಮೊದಲು ಬಂದದ್ದು ವಾಸನೆ, ಬೆವರು ಮತ್ತು ಹಸಿ ಸೊಪ್ಪು ಕಲಸಿದಂಥದು. ಆಮೇಲೆ ಸೊಪ್ಪು ಹರಿಯುವ ಸದ್ದು. ಗೈಡ್ ಗಂಟಲಿನಾಳದಿಂದ ‘ಹ್ಞೂಂ–ಹ್ಞೂಂ’ ಎಂಬಂಥ ಎರಡು ಸ್ವರ ಹೊರಡಿಸಿದರು, ಆ ಕಡೆಯಿಂದ ಅದೇ ಸ್ವರದಲ್ಲಿ ಉತ್ತರ ಬಂತು. ಹೊಟ್ಟೆ ತುಂಬಿದ ಅಜ್ಜ ಜಗಲಿಯ ಮೇಲೆ ಕುಳಿತು ಹೊರಡಿಸುವ ಸದ್ದಿನ ಹಾಗೆಯೇ ಇತ್ತು. ನೆಮ್ಮದಿಯಲ್ಲಿದ್ದೇವೆ ಎಂದು ಗೊರಿಲ್ಲಾಗಳು ಒಂದಕ್ಕೊಂದು ಹೇಳಿಕೊಳ್ಳುವ ರೀತಿ ಅದು. ಬೆಳ್ಳಿಬೆನ್ನಿನ ಗಂಡು ಇಳಿಜಾರಿಗೆ ಬೆನ್ನು ಕೊಟ್ಟು ಕುಳಿತಿತ್ತು. ಗಂಡುಗಳಿಗೆ ಹನ್ನೆರಡು–ಹದಿಮೂರು ವರ್ಷವಾಗುತ್ತ ಬಂದಾಗ ಬೆನ್ನಿನ ಕೂದಲು ಹೀಗೆ ನರೆಯುತ್ತದೆ. ಒಂದೂವರೆ ಕ್ವಿಂಟಾಲಿನ ಮೇಲೆ ತೂಗುವ ಆ ದೇಹ ಕಾಡುಗಿಡದ ಕಾಂಡವೊಂದನ್ನು ಎರಡು ಬೆರಳಿನಿಂದ ಹಿಡಿದು, ನಾವು ಕಬ್ಬಿನ ಸಿಪ್ಪೆ ತೆಗೆಯುವಷ್ಟೇ ನಾಜೂಕಾಗಿ ಸುಲಿದು ತಿನ್ನುತ್ತಿತ್ತು. ದೊಡ್ಡ ಗಂಡಿಗೆ ದಿನಕ್ಕೆ ಇಂಥ ಸೊಪ್ಪು–ಕಾಂಡ ಹದಿನೆಂಟು ಕಿಲೋವರೆಗೂ ಬೇಕು. ಬ್ವಿಂಡಿಯವು ವಿರುಂಗಾದವುಗಳಿಗಿಂತ ಹೆಚ್ಚು ಹಣ್ಣು ತಿನ್ನುತ್ತವೆ, ಅದಕ್ಕಾಗಿ ಮರ ಹತ್ತುತ್ತವೆ. ನಮ್ಮ ತಲೆಯ ಮೇಲಿನ ಮರದಲ್ಲೊಂದು ಹೆಣ್ಣು ಇದ್ದದ್ದು, ಅದು ಉಗಿದ ಬೀಜ ಟೋಪಿಗೆ ತಾಗಿದಾಗಲೇ ತಿಳಿದದ್ದು.

ನಲವತ್ತನೆಯ ನಿಮಿಷದ ಹೊತ್ತಿಗೆ ಹರೆಯದ ಗಂಡೊಂದು ಎದ್ದು ನಿಂತು ಎದೆ ಬಡಿಯಿತು. ಚಿತ್ರಗಳಲ್ಲಿ ತೋರಿಸುವಂತೆ ಮುಷ್ಟಿಯಿಂದಲ್ಲ, ಬೊಗಸೆ ಮಾಡಿದ ಅಂಗೈಗಳಿಂದ. ಹತ್ತಿರದಲ್ಲಿ ಕೇಳಿದರೆ ಅದು ಗುದ್ದಿನ ಸದ್ದಿಗಿಂತ ಮರದ ತೊಲೆಯನ್ನು ಬೇಗಬೇಗ ತಟ್ಟಿದ ಸದ್ದನ್ನು ಹೋಲುತ್ತದೆ. ಬೆಳ್ಳಿಬೆನ್ನಿನ ಗಂಡು ತಿರುಗಿಯೂ ನೋಡಲಿಲ್ಲ. ಅದಕ್ಕಿಂತ ಹೆಚ್ಚು ಹೊತ್ತು ನನ್ನ ಕಣ್ಣು ನೆಟ್ಟಿದ್ದು ತಾಯಿಯೊಂದರ ಮೇಲೆ. ಅದರ ಎದೆಗೆ ಅಂಟಿಕೊಂಡ ಮರಿಯ ವಯಸ್ಸು ಆರು ತಿಂಗಳೆಂದು ಗೈಡ್ ಹೇಳಿದರು. ಹೆಣ್ಣು ಗೊರಿಲ್ಲಾ ಮೊದಲ ಬಾರಿ ಹೆರುವುದು ಹತ್ತು ವರ್ಷದ ಸುಮಾರಿಗೆ, ಗರ್ಭ ಎಂಟೂವರೆ ತಿಂಗಳು, ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ನಾಲ್ಕು ವರ್ಷ. ಹುಟ್ಟಿದವೆಲ್ಲ ಬದುಕುವುದಿಲ್ಲ. ಇಡೀ ಬಾಳಿನಲ್ಲಿ ಒಂದು ತಾಯಿ ಬೆಳೆಸಿ ನಿಲ್ಲಿಸುವ ಮಕ್ಕಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಕುಟುಂಬದ ಗಂಡು ಸತ್ತರೆ ನಷ್ಟ ಒಂದಕ್ಕೆ ನಿಲ್ಲುವುದೂ ಇಲ್ಲ: ಕಾಯುವವರಿಲ್ಲದ ಎಳೆಯ ಮರಿಗಳನ್ನು ಹೊರಗಿನಿಂದ ಬಂದ ಗಂಡು ಕೊಲ್ಲುವುದುಂಟು.

ಈಗ ತಕರಾರಿಗೆ ಬರುತ್ತೇನೆ. ನಮ್ಮ ಎಂಟು ಜನರಲ್ಲಿ ಒಬ್ಬರು ಮೊಬೈಲ್ ಹಿಡಿದ ಕೈಯನ್ನು ಮುಂದೆ ಚಾಚಿ, ತಾಯಿ–ಮರಿ ಕುಳಿತ ಪೊದೆಯ ಕಡೆ ಹೆಜ್ಜೆಹೆಜ್ಜೆಯಾಗಿ ಸರಿಯುತ್ತಲೇ ಇದ್ದರು. ಮುಖಗವಸು ಗದ್ದದ ಕೆಳಗಿತ್ತು. ಎರಡು ಸಲ ಹೇಳಿಸಿಕೊಂಡ ಮೇಲೂ ಮೂರನೆಯ ಸಲ ಹೋದರು. ಇದು ನಮ್ಮ ತಂಡದ ದುರದೃಷ್ಟ ಎಂದು ಬಿಟ್ಟುಬಿಡಬಹುದಿತ್ತು, ಆದರೆ ಬ್ವಿಂಡಿಯ ಭೇಟಿಗಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂದಿನ ಏಳು ಮೀಟರಿನ ನಿಯಮ ಬಹುತೇಕ ಎಲ್ಲ ಭೇಟಿಗಳಲ್ಲಿಯೂ ಮುರಿಯುತ್ತಿತ್ತೆಂದು ಕಂಡುಕೊಂಡಿದೆ. ಗೊರಿಲ್ಲಾಗಳು ತಾವಾಗಿ ಹತ್ತಿರ ಬರುವುದುಂಟು, ದಟ್ಟ ಪೊದೆಯಲ್ಲಿ ಹತ್ತು ಮೀಟರ್ ದೂರ ನಿಂತರೆ ಏನೂ ಕಾಣದಿರುವುದೂ ಉಂಟು, ಅದು ನಿಜ. ಆದರೆ ದುಬಾರಿ ಹಣ ಕೊಟ್ಟು ಬಂದವರನ್ನು, ಮುಂದೆ ಭಕ್ಷೀಸು ಕೊಡಬೇಕಾದವರನ್ನು ಗದರಿಸುವುದು ಸಂಬಳದ ಗೈಡಿಗೆ ಸುಲಭವಲ್ಲ ಎಂಬುದೂ ನಿಜವೇ. ಮೂರನೆಯ ಸಲಕ್ಕೆ ಆ ವ್ಯಕ್ತಿಯನ್ನು ಹಿಂದಕ್ಕೆ ಕಳಿಸುವ ನಿಯಮವಿದ್ದು, ಅದನ್ನು ಪರವಾನಗಿಯ ಮೇಲೆಯೇ ಮುದ್ರಿಸಿದರೆ ಗೈಡಿನ ಕೆಲಸ ಹಗುರವಾದೀತು.

ಹಿಂದಿರುಗುವ ದಾರಿಯಲ್ಲಿ ಕಾಡಿನ ಅಂಚಿಗೆ ಬಂದಾಗ ಉಳಿದ ಅಪಾಯಗಳು ತಾವೇ ಕಣ್ಣಿಗೆ ಬಿದ್ದವು. ಬ್ವಿಂಡಿಗೆ ಅಂಚು ಎಂದರೆ ಗೆರೆ ಎಳೆದಂತೆ: ಈ ಕಡೆ ಮರ, ಆ ಕಡೆ ಚಹಾ, ಬಾಳೆ, ಆಲೂಗಡ್ಡೆ. ಸುಮಾರು 330 ಚದರ ಕಿಲೋಮೀಟರಿನ ಈ ಕಾಡನ್ನು ಆಫ್ರಿಕಾದ ಅತಿ ಜನದಟ್ಟಣೆಯ ಹಳ್ಳಿಗಳು ಸುತ್ತುವರಿದಿವೆ. ಇಪ್ಪತ್ತೈದು ಕಿಲೋಮೀಟರ್ ದೂರದ ವಿರುಂಗಾಕ್ಕೂ ಇದಕ್ಕೂ ನಡುವೆ ಬರೀ ಹೊಲಗಳಿದ್ದು, ಎರಡು ಕಡೆಯ ಗೊರಿಲ್ಲಾಗಳು ಸೇರುವಂತಿಲ್ಲ. ಅವು ಹೊರಗೆ ಬಂದಾಗ ಇಷ್ಟಪಟ್ಟು ತಿನ್ನುವುದು ಬಾಳೆಯ ದಿಂಡು. ದಿಂಡಿನ ಪಲ್ಯ ಗೊತ್ತಿರುವ ನಮಗೆ ಅವುಗಳ ರುಚಿಯ ಬಗ್ಗೆ ಆಕ್ಷೇಪವಿಲ್ಲ, ಆದರೆ ದಿಂಡಿಗಾಗಿ ಗೊನೆ ಹಾಕುವ ಮೊದಲೇ ಸೀಳಿದ ಬಾಳೆ ಆ ರೈತನ ವರ್ಷದ ಊಟ. ಗೊರಿಲ್ಲಾಗಳನ್ನು ನಿಧಾನವಾಗಿ ಕಾಡಿಗೆ ಮರಳಿಸಲು ಊರಿನ ಸ್ವಯಂಸೇವಕರ ತಂಡಗಳಿವೆ.

ಬೇಟೆಗಾರರು ಬ್ವಿಂಡಿಯಲ್ಲಿ ಗೊರಿಲ್ಲಾವನ್ನೇ ಗುರಿಯಿಟ್ಟು ಬರುವುದು ಕಡಿಮೆ. ಸಣ್ಣ ಹುಲ್ಲೆಗೂ ಕಾಡುಹಂದಿಗೂ ಒಡ್ಡಿದ ಉರುಳಿಗೆ ಎಳೆಯ ಗೊರಿಲ್ಲಾದ ಕೈ ಸಿಕ್ಕಿಕೊಂಡರೆ ಹಗ್ಗ ಮಾಂಸದೊಳಗೆ ಇಳಿದು ಕೈ ಕೊಳೆಯುತ್ತದೆ. 2012ರಲ್ಲಿ ರುವಾಂಡಾದಲ್ಲಿ ಎರಡು ಎಳೆಯ ಗೊರಿಲ್ಲಾಗಳು ಉರುಳೊಂದನ್ನು ತಾವೇ ಮುರಿದುಹಾಕಿದ್ದನ್ನು ಜಾಡುಗಾರರು ಕಣ್ಣಾರೆ ಕಂಡರು. ಬ್ವಿಂಡಿಯ ನ್ಕುರಿಂಗೊ ಗೊರಿಲ್ಲಾ ಕುಟುಂಬದ ಹಿರಿಯ ಗಂಡು ರಫೀಕಿ ಸತ್ತದ್ದು 2020ರ ಜೂನ್‌ನಲ್ಲಿ, ಕೋವಿಡ್ಡಿನಿಂದ ಪ್ರವಾಸಿಗರೂ ಅವರ ಹಣವೂ ನಿಂತುಹೋಗಿದ್ದ ದಿನಗಳಲ್ಲಿ. ಸಣ್ಣ ಪ್ರಾಣಿಯ ಬೇಟೆಗೆ ಹೋಗಿದ್ದಾಗ ಅದು ಮೇಲೆ ಬಿತ್ತು, ಈಟಿಯಿಂದ ತಿವಿದೆ ಎಂದು ಬೇಟೆಗಾರ ಒಪ್ಪಿಕೊಂಡ. ಅವನಿಗೆ 11 ವರ್ಷದ ಸೆರೆಯಾಯಿತು. ಕಾಂಗೋದ ಕಡೆಯ ವಿರುಂಗಾದಲ್ಲಿ ಸ್ಥಿತಿ ಇನ್ನೂ ಕಠಿಣ. ಅಲ್ಲಿ 2007ರ ಜುಲೈಯಲ್ಲಿ ಸೆಂಕ್ವೆಕ್ವೆ ಎಂಬ ಬೆಳ್ಳಿಬೆನ್ನಿನ ಗಂಡನ್ನೂ ಅದರ ಕುಟುಂಬದ ಹೆಣ್ಣುಗಳನ್ನೂ ಗುಂಡಿಟ್ಟು ಕೊಂದರು, ಕಾಡಿನ ಮರ ಸುಟ್ಟು ಮಾಡುವ ಇದ್ದಿಲಿನ ದಂಧೆಯ ನೆರಳು ಆ ಕೊಲೆಗಳ ಹಿಂದಿತ್ತು. ಆ ಉದ್ಯಾನದಲ್ಲಿ ಪ್ರಾಣ ಕಳೆದುಕೊಂಡ ಅರಣ್ಯ ರಕ್ಷಕರ ಸಂಖ್ಯೆ ಇನ್ನೂರನ್ನು ದಾಟಿದೆ.

ಹೀಗಿರುವಾಗ 800 ಡಾಲರ್ ಎಲ್ಲಿಗೆ ಹೋಗುತ್ತದೆಂದು ಕೇಳುವುದು ಗಿರಾಕಿಯ ಹಕ್ಕು. ದೊಡ್ಡ ಪಾಲು ಪ್ರಾಧಿಕಾರಕ್ಕೆ ಹೋಗುತ್ತದೆ, ಅದರಿಂದ ಇಲ್ಲಿನ ಕಾವಲು ಮಾತ್ರವಲ್ಲ, ಪ್ರವಾಸಿಗರು ಕಡಿಮೆ ಬರುವ ದೇಶದ ಇತರ ಉದ್ಯಾನಗಳ ಖರ್ಚೂ ನಡೆಯುತ್ತದೆ. ಅದನ್ನು ನಾನು ಒಪ್ಪುತ್ತೇನೆ. ಕಾಡಂಚಿನ ಹಳ್ಳಿಗಳಿಗೆ ಪ್ರತಿ ಗೊರಿಲ್ಲಾ ಪರವಾನಗಿಯಿಂದ ಮೀಸಲಿಟ್ಟಿರುವುದು 10 ಡಾಲರ್. ಇದಲ್ಲದೆ ಉದ್ಯಾನದ ಪ್ರವೇಶ ಶುಲ್ಕದಲ್ಲಿ ನೂರಕ್ಕೆ 20 ಹೋಗುತ್ತದೆ. ಬಾಳೆ ಕಳೆದುಕೊಳ್ಳುವವನ ದೃಷ್ಟಿಯಿಂದ ನೋಡಿದರೆ ಎಂಟುನೂರರಲ್ಲಿ ಹತ್ತು ಎಂಬುದು ಬಹಳ ಕಡಿಮೆ. ಅದಕ್ಕಿಂತ ಹಳೆಯ ಬಾಕಿಯೊಂದೂ ಇದೆ. 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿ ತಲೆಮಾರುಗಳಿಂದ ಜೇನು ಕಿತ್ತು, ಬೇಟೆಯಾಡಿ ಬದುಕಿದ್ದ ಬಟ್ವಾ ಜನರನ್ನು ಹೊರಹಾಕಲಾಯಿತು. ಅವರಿಗೆ ತಕ್ಕ ಪರಿಹಾರ ಸಿಗಲಿಲ್ಲವೆಂದು ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯವೇ 2021ರಲ್ಲಿ ಹೇಳಿದೆ. ನಾಗರಹೊಳೆಯ ಜೇನುಕುರುಬರ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಬಟ್ವಾ ಕುಟುಂಬಗಳು ಪ್ರವಾಸಿಗರಿಗೆ ಹಾಡಿ, ಬೆಂಕಿ ಕಡೆದು ತೋರಿಸುವ ಕಾರ್ಯಕ್ರಮವನ್ನು ಭೇಟಿಯ ಜೊತೆಗೆ ಮಾರುತ್ತಾರೆ. ನಾವು ಹೋಗಲಿಲ್ಲ, ಹೋಗುವವರು ಹಣ ಯಾರ ಕೈಗೆ ಸೇರುತ್ತದೆಂದು ಕೇಳಿಕೊಂಡು ಹೋಗಲಿ.

ಹೋಲಿಕೆಗೆಂದು ಹೇಳುವುದಾದರೆ, ರುವಾಂಡಾದಲ್ಲಿ ಇದೇ ಒಂದು ಗಂಟೆಗೆ 2017ರಿಂದ 1,500 ಡಾಲರ್ ಇದೆ. ಅಲ್ಲಿ ರಾಜಧಾನಿ ಕಿಗಾಲಿಯಿಂದ ಒಳ್ಳೆಯ ರಸ್ತೆಯಲ್ಲಿ ಮೂರು ಗಂಟೆಯೊಳಗೆ ಉದ್ಯಾನ ತಲುಪಬಹುದು, ಬಿದಿರು ಕಾಡು ಇಷ್ಟು ದಟ್ಟವಲ್ಲವಾದ್ದರಿಂದ ನೋಟವೂ ಬಿಚ್ಚಿರುತ್ತದೆ; ಮಂಡಿನೋವಿರುವವರು ಉಳಿತಾಯದ ಆಸೆ ಬಿಟ್ಟು ಅಲ್ಲಿಗೇ ಹೋಗುವುದು ಲೇಸು. ಕಾಂಗೋದ ಕಡೆಗೆ ಈ ಹೊತ್ತಿನಲ್ಲಿ ಹೋಗುವ ಮಾತೇ ಬೇಡ. ಬ್ವಿಂಡಿಯಲ್ಲಿ ಗೈಡ್, ಜಾಡುಗಾರರು, ಹೊರೆಯಾಳುಗಳ ಕೆಲಸಕ್ಕೆ ನಾನು ಐದರಲ್ಲಿ ಐದು ಕೊಡುತ್ತೇನೆ. ಅಂತರದ ನಿಯಮ ನಡೆಸುವ ರೀತಿಗೆ ಎರಡು. ರಸ್ತೆಗೆ ಅಂಕ ಕೊಡುವುದಿಲ್ಲ.

ಕೊನೆಯದಾಗಿ ನೆಗಡಿಯ ವಿಚಾರ. ಹೊರಡುವ ಎರಡು ವಾರ ಮೊದಲಿನಿಂದ ನಾವು ಮದುವೆ–ಮುಂಜಿಗಳಿಗೆ ಹೋಗಲಿಲ್ಲ, ವಿಮಾನದಲ್ಲಿಯೂ ಮುಖಗವಸು ತೆಗೆಯಲಿಲ್ಲ. ಅಷ್ಟಾದರೂ ಆ ಬೆಳಿಗ್ಗೆ ಗೈಡ್ ‘ಯಾರಿಗಾದರೂ ಕೆಮ್ಮಿದೆಯೇ?’ ಎಂದು ಕೇಳಿದಾಗ, ಗಂಟಲಿನಲ್ಲಿ ಏನೂ ಇಲ್ಲದಿದ್ದರೂ ನಾನು ಒಮ್ಮೆ ನುಂಗಿ ನೋಡಿಕೊಂಡೆ. ಆ ಹೊತ್ತಿನಲ್ಲಿ ನಿಜ ಹೇಳಿ, ಎಪ್ಪತ್ತು ಸಾವಿರವನ್ನು ಮರೆತು ಕೋಣೆಗೆ ವಾಪಸು ಹೋಗುವ ಮನಸ್ಸು ತಮಗಿದೆ ಎನಿಸಿದರೆ ಪರವಾನಗಿ ಕೊಳ್ಳಿರಿ.